ಒಂದೇ ಅಟ್ಟದ ಕಾಯಿ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ತಿಪಟೂರು ಬಸ್ಸಿಗೆ ಕಾಯುತ್ತಾ ಅಂದಿನ ಉಪನ್ಯಾಸದ ಹಾಳೆ ತಿರುವುತ್ತಿದ್ದೆ. ಪಕ್ಕದಲ್ಲಿ ಮೂಟೆಗೆ ಒರಗಿ ಕೂತಿದ್ದ ಕೊಬ್ಬರಿ ವ್ಯಾಪಾರಿ ಖಾದರ್ ಸಾಹೇಬರು ಇಣುಕಿ, “ಏನ್ ಸಾರ್ ಇದು, ಬರೀ ಲೆಕ್ಕ?” ಅಂದರು.

ಕೇಳಿದವರಿಗೆಲ್ಲ ಪಾಠ ಹೇಳುವ ಚಟ ನನಗೆ. “ಆಕಸ್ಮಿಕ ಅಂಕಿಗಳು ಸಾಲುಸಾಲಾಗಿ ತುಂಬಿದ ದೊಡ್ಡ ಚೌಕ, ಮ್ಯಾಟ್ರಿಕ್ಸ್, ಅಂದ್ಕೊಳ್ಳಿ. ಅಂಥ ಕೆಲವನ್ನು ನೂರು, ಸಾವಿರ, ಎಷ್ಟು ಬೇಕಾದರೂ ಒಂದೇ ಬಗೆಯ ಪಾಲು ಮಾಡಬಹುದು. ಅನಂತ ವಿಭಾಜ್ಯ ಅಂತಾರೆ. ಪಾಲುಗಳಿಗೆ ಒಂದಕ್ಕೊಂದು ಸಂಬಂಧ ಇರಬಾರದು, ಅಷ್ಟೇ.”

“ಸಂಬಂಧ ಇಲ್ಲ ಅಂತ ಹೆಂಗ್ ಗೊತ್ತು ಸಾರ್? ನಮ್ ಕಾಯಿ ಒಂದ್ ವರ್ಷ ಒಂದೇ ಅಟ್ಟದ ಮೇಲೆ ಒಣಗ್ತವೆ. ಒಂದು ಕೊಳೆತು ಸೋರಿದ್ರೆ ಪಕ್ಕದ್ದೂ ಹೋಯ್ತು. ಕೆಟ್ಟಿದ್ದು ಒಂದ್ ಸಿಕ್ರೆ ನಾನು ಆ ಅಟ್ಟದ ಕಾಯೇ ಮುಟ್ಟಲ್ಲ. ನಿಮ್ ಪಾಲೂ ಒಂದೇ ಕಡೆಯಿಂದ ತಾನೇ ಬಂದಿದ್ದು?”

“ಅದೆಲ್ಲ ನಿಮಗೆ ತಿಳಿಯಲ್ಲ ಬಿಡಿ” ಅಂದು ಬಸ್ಸು ಹತ್ತಿದೆ.

ಕಾಲೇಜಿನಲ್ಲಿ ತಿಳಿದವರೇ ತುಂಬಿದ್ದರು. ಗಣಿತದ ಮೇಷ್ಟ್ರುಗಳು ಒಂದು ಗಂಟೆ ಎಡೆಬಿಡದೆ ತಲೆಯಾಡಿಸಿದರು. ಕೊನೆಗೆ ಮುಖ್ಯಸ್ಥರು ಎದ್ದು, “ಬಹಳ ಆಳವಾದ ಉಪನ್ಯಾಸ” ಎಂದು ಶಾಲು ಹೊದಿಸಿದರು. ಆಳ ಅವರಿಗೆ ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ನಾನೂ ನಾಚಿಕೆಯಿಲ್ಲದೆ ಹೊದ್ದುಕೊಂಡೆ.

ಅದನ್ನೇ ಲೇಖನ ಮಾಡಿ ವಿದೇಶದ ಪತ್ರಿಕೆಯೊಂದಕ್ಕೆ ಕಳಿಸಿದೆ. ಕೆಲವು ತಿಂಗಳಿಗೆ ವಾಪಸ್ ಬಂತು. ಪರಿಶೀಲಿಸಿದ ವಿದ್ವಾಂಸರು ಬರೆದಿದ್ದು ಒಂದೇ ಸಾಲು: ಈ ಪಾಲುಗಳಿಗೆ ಪರಸ್ಪರ ಸಂಬಂಧವಿಲ್ಲ ಎಂದು ಹೇಗೆ ಗೊತ್ತು?

ಎಂಥ ಸೂಕ್ಷ್ಮ ಪ್ರಶ್ನೆ ಎಂದು ಹೊಗಳಿ, ಅವರಿಗೆ ಎರಡು ಪುಟ ಕೃತಜ್ಞತೆ ಬರೆದೆ.