ಅರಮನೆಯಲ್ಲಿ ಕಂಡ ಬೆನ್ನು

ಆಗ ಸೇಡಂನವರಾದ ನಮಗೆ ವಾಡಿಯಲ್ಲಿ ರೈಲು ಬದಲಿಸಿ ತುಂಗಭದ್ರೆ ದಾಟಿದರೆ ಪರದೇಶವೇ. ನಿಜಾಮರ ಸೀಮೆ ಅಲ್ಲಿಗೆ ಮುಗಿಯಿತು. ನಾಣ್ಯ ಬೇರೆ, ಕಾಯಿದೆ ಬೇರೆ, ಕಿವಿಗೆ ಬೀಳುವ ಕನ್ನಡವೂ ಬೇರೆ. ಯಜಮಾನರು ಜ್ವರದಲ್ಲಿ ಮಲಗಿದ್ದಾಗ ಅತ್ತೆ ನಂಜನಗೂಡಿಗೆ ಹರಕೆ ಹೊತ್ತಿದ್ದರು. ಅದನ್ನು ತೀರಿಸಲು ಮದುವೆಯಾದ ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೇ ಊರು ಬಿಟ್ಟೆವು. ಅಷ್ಟು ದೂರ ಹೋಗಿ ಮೈಸೂರಿನ ಅರಮನೆ ನೋಡದೆ ಬರುವುದುಂಟೇ ಎಂದು ನಾನು ಹಟ ಹಿಡಿದೆ.

ನಿಜ ಹೇಳುತ್ತೇನೆ, ನನಗೆ ಅರಮನೆಯ ಹುಚ್ಚೇನೂ ಇರಲಿಲ್ಲ. ಊರಲ್ಲಿ ಎಲ್ಲಿಗೆ ಹೋದರೂ ಅವರು ಮುಂದೆ, ನಾನು ತಲೆತುಂಬ ಸೆರಗು ಹೊದ್ದು ಬಹಳ ಹಿಂದೆ. ಹಿರಿಯರೆದುರು ಮಾತಿಲ್ಲ, ಬೀದಿಯಲ್ಲಂತೂ ಇಲ್ಲವೇ ಇಲ್ಲ. ಅವರ ಅಂಗಿಯ ಬೆನ್ನಿನ ಹೊಲಿಗೆ ನನಗೆ ಬಾಯಿಪಾಠವಾಗಿತ್ತು. ಹೊರಡುವ ಮುಂಚೆ ಒಂದೇ ಒಂದು ಬೇಡಿಕೊಂಡಿದ್ದೆ. "ಅಲ್ಲಿ ನಮ್ಮನ್ನ ಬಲ್ಲವ್ರು ಯಾರೂ ಇರಂಗಿಲ್ಲ. ಒಂದ್ ದಿನಾ ನನ್ನ ಬಾಜೂಕ ನಡೀರಿ." ಆಯ್ತು ಅಂದಿದ್ದರು. ಅಂದದ್ದನ್ನು ನಾನು ನಂಬಿದ್ದೆ.

ಹರಕೆ ತೀರಿಸಿ ಬಂದು, ಮೈಸೂರಿನ ಛತ್ರದಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಅವರು ಟ್ರಂಕಿನಿಂದ ದಸ್ತಾರು, ಬಗ್ಲೂಸು ತೆಗೆಯುತ್ತಿದ್ದಾರೆ! ಇವರು ತಹಸೀಲ ಕಚೇರಿಯಲ್ಲಿ ಸಾಹೇಬರ ಮುಂದೆ ಕಾಗದಪತ್ರ ಇಡುವ ಪೇಶಕಾರರು. ನಿಜಾಮರ ಸರಕಾರದಲ್ಲಿ ತಲೆಗೆ ಆ ಪಗಡಿ, ಸೊಂಟಕ್ಕೆ ಆ ಬಿಲ್ಲೆಯ ಪಟ್ಟಿ ಇಲ್ಲದೆ ದೊಡ್ಡ ಸಾಹೇಬರ ಮುಂದೆ ಹೋಗುವಂತಿಲ್ಲ. ಅದನ್ನು ಇಲ್ಲಿಯವರೆಗೆ ಹೊತ್ತು ತಂದಿದ್ದರು.

"ಇಲ್ಲ್ಯಾಕ್ರಿ ಅದು? ನಿಮ್ಮ ಸಾಹೇಬ್ರು ಇಲ್ಲ್ಯದಾರೇನು?"

"ನಿನಗ ತಿಳ್ಯಂಗಿಲ್ಲ ಸುಮ್ನಿರು. ಅರಮನಿ ಅದು, ಸಂತಿ ಅಲ್ಲ. ಅದಬ್, ಮರ್ಯಾದಿ ಅನ್ನೋದು ಎಲ್ಲಾ ಕಡಿ ಒಂದೇ."

ನಂಜನಗೂಡಿನ ವಿಭೂತಿ ಗಟ್ಟಿಗಳ ಕೆಳಗೆ ಸಿಕ್ಕು ದಸ್ತಾರು ಸೊಟ್ಟಗಾಗಿತ್ತು. ಅದನ್ನು ಒತ್ತಿ, ತಟ್ಟಿ, ನೆಟ್ಟಗೆ ಮಾಡುವಷ್ಟರಲ್ಲಿ ಬಿಸಿಲೇರಿತು. ಛತ್ರದ ಒಬ್ಬ ಹೆಂಗಸು ನನ್ನ ಕಿವಿಯ ಹತ್ತಿರ ಬಂದು, "ನಿಮ್ಮ ಯಜಮಾನರು ನಾಟಕದ ಕಂಪನಿಯವರೇನಮ್ಮಾ?" ಎಂದು ಕೇಳಿದಳು. ನಾನು ಹೌದೆಂದೆ. ಇನ್ನೇನು ಹೇಳಲಿ!

ಬೀದಿಗೆ ಇಳಿದರೋ ಇಲ್ಲವೋ, ಮತ್ತೆ ಅದೇ ಬೆನ್ನು, ಅದೇ ದಾಪುಗಾಲು.

"ರೀ, ಮಾತು ಕೊಟ್ಟಿದ್ರಿ."

"ಮಂದಿ ನೋಡ್ತಾರ."

"ಯಾವ ಮಂದೀರಿ?"

"ಲಗೂ ಬಾ. ಮೊದ್ಲ ಅರಮನಿ ನೋಡೋಣು."

ಅರಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು. ತೋರಿಸಲು ಬಂದ ಸೇವಕ ಮುಂದೆ, ಇವರು ಅವನ ಹಿಂದೆ, ನಾನು ಎಲ್ಲರ ಹಿಂದೆ. ಬಣ್ಣದ ಗಾಜಿನ ಛಾವಣಿಯಲ್ಲಿ ನವಿಲುಗಳಿದ್ದವು. ಅವನ್ನು ಇವರಿಗೆ ತೋರಿಸಿ ಒಂದು ಮಾತಾಡೋಣವೆಂದರೆ, ಇವರು ಸೇವಕನಿಗೆ ನಮ್ಮ ಮಳಖೇಡ ಕೋಟೆ ಇದಕ್ಕಿಂತ ಎಷ್ಟು ಹಳೆಯದು, ಶಹಾಬಾದಿನ ಪರಸಿ ಕಲ್ಲಿನ ನೆಲ ಬೇಸಿಗೆಯಲ್ಲಿ ಎಷ್ಟು ತಂಪು ಎಂದು ಹೇಳುತ್ತಾ ನಡೆದಿದ್ದರು. ಅವನು "ಹೌದಾ ಸ್ವಾಮಿ, ಹೌದಾ ಸ್ವಾಮಿ" ಅನ್ನುತ್ತಿದ್ದ. ನವಿಲುಗಳನ್ನು ನಾನೊಬ್ಬಳೇ ನೋಡಿದೆ.

ದರ್ಬಾರಿನ ಹಜಾರಕ್ಕೆ ಬಂದೆವು. ಸಾಲು ಸಾಲು ಕಂಬ, ಒಂದು ತುದಿಯಿಂದ ಕೂಗಿದರೆ ಇನ್ನೊಂದು ತುದಿಗೆ ಕೇಳಿಸದಷ್ಟು ಉದ್ದ. ಬಂಗಾರದ ಸಿಂಹಾಸನ ದಸರೆಗೆ ಮಾತ್ರ ಹೊರಗೆ ಬರುತ್ತದೆಂದು ಸೇವಕ ಹೇಳಿದ. ಅಲ್ಲಿದ್ದದ್ದು ಬಿಳಿ ಬಟ್ಟೆ ಹೊದಿಸಿದ ಯಾವುದೋ ಒಂದು ಕುರ್ಚಿ. ಆ ಕುರ್ಚಿಗೆ ನಮ್ಮ ಪೇಶಕಾರರು ನೆಲ ಮುಟ್ಟುವಂತೆ ಬಗ್ಗಿ, ಒಂದಾದ ಮೇಲೊಂದು ಸಲಾಮು ಹೊಡೆದರು. ಆಮೇಲೆ ಹಿಮ್ಮುಖವಾಗಿ ನಡೆಯತೊಡಗಿದರು! ಗಾದಿಗೆ ಬೆನ್ನು ತೋರಿಸುವುದು ಬೇಅದಬಿಯಂತೆ. ಒಂದು ಕಂಬಕ್ಕೆ ಡಿಕ್ಕಿ ಹೊಡೆದರು, ದಸ್ತಾರು ಮತ್ತೆ ಸೊಟ್ಟಗಾಯಿತು. ಸೇವಕ ಬಾಯಿಗೆ ಕೈ ಅಡ್ಡ ಹಿಡಿದ.

"ಏ, ಇಲ್ಲಿ ಬಾ. ಕೈ ಹಿಡಿ. ಹಿಂದ ಏನದ ನೋಡ್ಕೋತ ನಡಿ," ಎಂದರು.

ಕೈ ಹಿಡಿದೆ. ಹಗಲು ಹೊತ್ತಿನಲ್ಲಿ, ಪರರೆದುರು, ಅವರಾಗಿಯೇ ಕೊಟ್ಟ ಕೈ. ಅಂಗೈ ಬೆವತಿತ್ತು. "ಬಲಕ್ಕ ಬರ್ರಿ, ಕಂಬ ಅದ," ಎನ್ನುತ್ತಾ ಆ ಉದ್ದದ ಹಜಾರವನ್ನು ದಾಟಿಸಿದೆ. ಸಂತೋಷವಾಯಿತೆಂದು ಮುಚ್ಚಿಡದೆ ಹೇಳುತ್ತೇನೆ. ಇದು ಒಂದು ಕುರ್ಚಿಯ ದೆಸೆಯಿಂದ ಸಿಕ್ಕ ಸಂತೋಷವೆಂಬ ಸಿಟ್ಟೂ ಇತ್ತು.

ಬಾಗಿಲು ದಾಟಿದೆವು, ಕುರ್ಚಿ ಮರೆಯಾಯಿತು. ಕೂಡಲೇ ಕಾದ ಹಂಚು ಮುಟ್ಟಿದವರಂತೆ ಕೈ ಕೊಡವಿಕೊಂಡು, ತಿರುಗಿ, ಬಿರಬಿರನೆ ನಡೆದರು. ಮತ್ತೆ ಬೆನ್ನು.

ನಾನು ನಿಂತುಬಿಟ್ಟೆ. ಅವರು ಹೆಬ್ಬಾಗಿಲವರೆಗೆ ಹೋಗಿ, ಹಿಂದೆ ಬಳೆಯ ಸದ್ದಿಲ್ಲದ್ದು ಗೊತ್ತಾಗಿ ವಾಪಸು ಬಂದರು.

"ಯಾಕ, ಕಾಲು ನೋಯ್ಲಿಕತ್ತಾವೇನು?"

"ಖಾಲಿ ಕುರ್ಚಿಗಿ ಬೆನ್ನ ತೋರಸಲ್ಲಾಂತ ಹಿಂದ್ಹಿಂದಕ ನಡದ್ರಿ," ಎಂದೆ. "ಮದುವಿ ಆದಾಗಿಂದ ನನಗ ಬರೇ ಬೆನ್ನ ತೋರಸ್ಲಿಕತ್ತೀರಲ್ಲ. ನಾ ಆ ಕುರ್ಚಿಕಿಂತ ಕಡಿಮಿ ಏನ್ರಿ?"

ಅವರು ದಸ್ತಾರು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು, ಹಣೆಯ ಬೆವರು ಒರೆಸಿಕೊಂಡರು. "ನಡಿ," ಎಂದರು. ಟಾಂಗಾ ನಿಲ್ಲುವ ಜಾಗದವರೆಗೆ ನನ್ನ ಬಾಜೂಕೆ ನಡೆದರು.

ಸೇಡಂ ಸ್ಟೇಷನ್ನಿನಲ್ಲಿ ಇಳಿದದ್ದೇ ತಡ, ಅವರು ಮತ್ತೆ ಮುಂದೆ, ನಾನು ಹಿಂದೆ. ಎಲ್ಲಾ ನೀರಲ್ಲಿ ಹೋಮ ಮಾಡಿದಂತಾಯಿತೆಂದು ಹಲ್ಲು ಕಡಿದೆ. ಆದರೆ ಅವರು ಸ್ವಲ್ಪ ದೂರ ಹೋಗುವುದು, ನಿಂತು ಹಿಂದೆ ತಿರುಗುವುದು, ಮತ್ತೆ ಹೋಗುವುದು, ಮತ್ತೆ ತಿರುಗುವುದು. ಓಣಿಯ ಕಿರಾಣಿ ಅಂಗಡಿಯವರು ಕಟ್ಟೆಯಿಂದ ಕೂಗಿ ಕೇಳಿದರು, "ಏನರ ಬಿದ್ದದೇನ್ರಿ ಪೇಶಕಾರ್ ಸಾಬ್? ಹಿಂದ ಹಿಂದ ನೋಡ್ಲಿಕತ್ತೀರಿ."

"ಏನೂ ಬಿದ್ದಿಲ್ರಿ," ಎಂದರು ಇವರು, ಇಡೀ ಓಣಿಗೆ ಕೇಳುವಂತೆ. "ಹೆಂಡ್ತಿ ಬರ್ಲಿಕತ್ತಾಳ. ಅದಕ್ಕ ನಿಂತೀನಿ."