ಮೈಲವ್ವನ ಹಸಿರು ಬಳೆ

"ಆತ್ರೀ ಸಿಸ್ಟರ, ಹೊಟ್ಟಿ ತುಂಬ ಉಂಡೇನಿ. ಇನ್ನೆಷ್ಟ ಸರತಿ ಕೇಳ್ತೀರಿ?"

"ಏನ್ ಉಂಡ್ರಿ ಎವ್ವಾ?"

"ರೊಟ್ಟಿ, ಪಲ್ಯ. ಹೋಳಿಗಿ ಉಣ್ಣಾಕ ಬೀಗರ ಮನಿಗೆ ಬಂದೇನೇನ?"

ವಾರ್ಡೇ ನಕ್ಕಿತು, ಫರ್ಹಾನಾಳೂ ನಕ್ಕಳು. ರಾಣೆಬೆನ್ನೂರಿನ ಆ ಆಸ್ಪತ್ರೆಗೆ ಯಾರೇ ದಾಖಲಾಗಲಿ, ತೂಕ ಇಳಿದಿದೆಯೇ, ಊಟ ತಗ್ಗಿದೆಯೇ ಎಂದು ಕೇಳಿ ಫಾರ್ಮು ತುಂಬುವ ನರ್ಸ್ ಅವಳು. ನಾಲ್ಕು ವರ್ಷದಿಂದ ಒಂದೇ ಪ್ರಶ್ನೆ, ಒಂದೇ ಉತ್ತರ! ಈ ಕಡೆ ಊಟ ಆಯಿತೇ ಎಂದರೆ ಹಸಿದವರೂ ಆಯಿತೆನ್ನುತ್ತಾರೆ. ಇಲ್ಲವೆಂದರೆ ಕೇಳಿದವರು ಎದ್ದು ಬಡಿಸಬೇಕಾದೀತೆಂಬ ಸಂಕೋಚ.

ಮೋಟೆಬೆನ್ನೂರಿನ ಮೈಲವ್ವನಿಗೆ ನಾಳೆ ಪಿತ್ತಕೋಶದ ಕಲ್ಲಿನ ಆಪರೇಷನ್. ಮೂರು ತಿಂಗಳ ಹಿಂದೆ ತೂಕ ನಲವತ್ತೈದು, ಇವತ್ತೂ ನಲವತ್ತೈದು. ಅಪಾಯವಿಲ್ಲವೆಂದು ಫರ್ಹಾನಾ ಫಾರ್ಮಿನಲ್ಲಿ ಸೊನ್ನೆ ಅಂಕ ಬರೆದು ಇನ್ನೇನು ಏಳಬೇಕು, ಮೈಲವ್ವ ನೀರು ಕುಡಿಯಲು ತಂಬಿಗೆ ಎತ್ತಿದಳು. ಹಸಿರು ಗಾಜಿನ ಬಳೆಗಳೆಲ್ಲ ಝಲ್ಲೆಂದು ಮೊಣಕೈವರೆಗೆ ಜಾರಿದವು.

ಫರ್ಹಾನಾಳ ತಾಯಿ ಬಿಬಿಜಾನ್ ಬಳೆ ತೊಡಿಸುವವಳು. ಕೈ ಹಿಸುಕಿ ಹಿಸುಕಿ ಬಿಗಿ ಬಳೆ ಏರಿಸುವುದನ್ನು ನೋಡುತ್ತಲೇ ಬೆಳೆದ ಮಗಳು ಮತ್ತೆ ಕೂತಳು.

"ಈ ಬಳಿ ಯಾವಾಗ ಇಡಿಸ್ಕೊಂಡ್ರಿ?"

"ಶೀಗಿ ಹುಣ್ಣಿಮಿಗೆ, ಮೂರ ತಿಂಗಳಾತು. ಅವತ್ತ ಕೈ ಕೆಂಪಗಾಗಿತ್ತು ನೋಡ."

ಫರ್ಹಾನಾ ಅವಳ ಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ತಗ್ಗು ಬಿತ್ತು, ತುಂಬಲಿಲ್ಲ. ಮೈ ಕರಗಿತ್ತು, ಕಾಲಿಗಿಳಿದ ನೀರು ತೂಕ ಸರಿದೂಗಿಸಿತ್ತು.

"ಖರೇ ಹೇಳ್ರಿ ಎವ್ವಾ."

ಮೈಲವ್ವ ದನಿ ತಗ್ಗಿಸಿದಳು. "ಉಂಡ್ರ ಹೊಟ್ಟಿ ಹಿಡಕೊಂತೈತಿ. ಎರಡ ತಿಂಗಳಾತು, ಬರೇ ಗಂಜಿ. ಹೇಳಿದ್ರ ಆಪರೇಷನ್ ಮುಂದ ಹಾಕ್ತೀರಿ. ಬ್ಯಾಡಗಿಗೆ ಮೆಣಸಿನಕಾಯಿ ಬರಾಕತ್ತಾವು, ತೊಟ್ಟು ಬಿಡಸೂ ನನ್ನ ಜಾಗಾ ಇನ್ನೊಬ್ಬಾಕಿ ಹಿಡೀತಾಳ."

ಸೊನ್ನೆ ಹಾಗೇ ಬಿಟ್ಟರೆ ಮೈಲವ್ವನಿಗೆ ಖುಷಿ. ಆದರೆ ಕರಗಿದ ಮೈಯಲ್ಲಿ ಗಾಯ ಬೇಗ ಮಾಯುವುದಿಲ್ಲ. ಫರ್ಹಾನಾ ಸೊನ್ನೆ ಹೊಡೆದುಹಾಕಿ ಡಾಕ್ಟರ ಹತ್ತಿರ ಓಡಿದಳು. ಅವರು ಕಾಲು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಆಪರೇಷನ್ನನ್ನು ಮೂರು ವಾರ ಮುಂದೂಡಿದರು.

ಮೈಲವ್ವ ಸಂಜೆಯವರೆಗೂ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮರುದಿನ ಮನೆಗೆ ಹೊರಟಾಗ ಫರ್ಹಾನಾ ಊಟದ ಚೀಟಿ ಓದಿ ಹೇಳಿದಳು: ಎಣ್ಣೆ ಕಮ್ಮಿ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ, ಬೇಳೆ, ಮೊಟ್ಟೆಯ ಬಿಳಿ, ಮಜ್ಜಿಗೆ.

"ಮುಂದಿನ ಸೋಮವಾರ ನನಗ ಸೂಟಿ. ಮನಿಗೇ ಬರ್ತೇನಿ."

"ಬಳಿ ಎಲ್ಲಿಗೆ ಬಂದಾವ ನೋಡಾಕೇನ?"

"ಹೂಂ ಮತ್ತ."

ಮೈಲವ್ವ ಚೀಟಿ ಮಡಚಿ ಉಡಿಯಲ್ಲಿ ಇಟ್ಟುಕೊಂಡಳು. "ಹಂಗಾರ ಹಸಕೊಂಡ ಬಾ. ಎದರಾಎದರ ಕುಂತು ಉಣ್ಣೂಣು. ಕೇಳೂದ ಬ್ಯಾಡ, ಕಣ್ಣಾರೆ ನೋಡೀಯಂತ."