ಕುರಿಹಟ್ಟಿಗೆ ಹೋದ ಬಿಳಿ ಕಾರು

ನಾನು ಕಾರಿನ ಕೆಳಗೆ ಮಲಗಿದ್ದನ್ನು ಮೊದಲು ನೋಡಿದವರು ನನ್ನ ಅತ್ತೆ. ಉದಗೀರಿನ ನಮ್ಮ ಮನೆಯಂಗಳದಲ್ಲಿ ಹಳೆಯ ಚಾಪೆ ಹಾಸಿಕೊಂಡು, ಎಂಜಿನ್ನಿನ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಅಳೆಯುತ್ತಿದ್ದೆ. ಅವರು ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನೋಡಿದರು.

"ಏನರೆ ಬಿದ್ದದ ಏನವ್ವಾ?"

"ಏನೂ ಬಿದ್ದಿಲ್ರೀ ಅತ್ತಿ. ಮುಂದ ಬೀಳಬಾರದಂತ ನೋಡ್ಲಾಕತ್ತೀನಿ."

ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಅಳತೆ ನನಗೆ ಹೊಸದಲ್ಲ. ಕಾರು ಮಾತ್ರ ಅಲ್ಲಿಯವರೆಗೆ ಮದುವೆ ಮುಂಜಿಗೆ ಹೋಗಿಬರುವ ವಾಹನವಾಗಿತ್ತು. ಬಣ್ಣ ಬೆಳ್ಳಗಿದೆ, ಹಿಂದೆ ಸಾಮಾನಿಗೆ ಜಾಗವಿದೆ ಎಂದು ನನ್ನ ಗಂಡ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಗಾಡಿ ಎಂಬುದು ಅವರಿಗೆ ಲೆಕ್ಕಕ್ಕೇ ಬಂದಿರಲಿಲ್ಲ. ಗೇರಿನ ಪಕ್ಕದಲ್ಲಿ ಅದಕ್ಕೆಂದೇ ಬೀಗದ ಚಿತ್ರದ ಒಂದು ಗುಂಡಿ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಒಂದು ಮಳೆಗಾಲದಲ್ಲಿ ನಿಲಂಗಾದಿಂದ ಬರುವಾಗ, ಸೇತುವೆ ಕೆಲಸ ನಡೆದಿದೆಯೆಂದು ವಾಹನಗಳನ್ನು ಹೊಲದೊಳಗೆ ಇಳಿಸಿದ್ದರು. ಎರೆಮಣ್ಣಿನಲ್ಲಿ ಸಾಲಾಗಿ ಕಾರುಗಳು ಹೂತು ನಿಂತಿದ್ದವು. ನಾನು ಆ ಗುಂಡಿ ಒತ್ತಿದೆ. ಗಾಡಿ ಒಮ್ಮೆ ಮೈಕೊಡವಿಕೊಂಡು, ಆತುರಪಡದೆ, ಎಲ್ಲರ ಪಕ್ಕದಿಂದ ಹಾದು ಆಚೆ ದಂಡೆ ಹತ್ತಿತು. ಅಂದಿನಿಂದ, ಡಾಂಬರು ಬಿಟ್ಟು ಹೊಲಕ್ಕೆ ಇಳಿಯುವ ಪ್ರತಿ ಬಂಡಿದಾರಿ ಬಂದಾಗಲೂ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗತೊಡಗಿತು. ಇದು ಎಲ್ಲಿಗೆ ಹೋಗುತ್ತದೆ, ನಾನು ಹೋಗಬಲ್ಲೆನೆ?

ಗಾಡಿಯನ್ನು ಬಂಡಿದಾರಿಗೆ ತಕ್ಕಂತೆ ಮಾಡಬೇಕೆಂಬ ನನ್ನ ಮಾತು ಕೇಳಿ ಗ್ಯಾರೇಜಿನಲ್ಲಿ ನಮ್ಮ ಮೆಕ್ಯಾನಿಕ್ ಬಹಳ ಖುಷಿಪಟ್ಟ. ಎಲ್ಲಿಂದಲೋ ಒಂದು ದೊಡ್ಡ ಜೀಪಿನ ಟೈರು ಉರುಳಿಸಿಕೊಂಡು ಬಂದ.

"ಇದೇ ಹಾಕಮಿ ಮ್ಯಾಡಂ. ಗಾಡಿ ಹುಲಿ ಕಂಡಂಗ ಕಾಣ್ತದ."

"ಹುಲಿ ಆದ್ರ ಸ್ಟೇರಿಂಗ್ ತಿರಗಂಗಿಲ್ಲಲ್ಲ" ಎಂದೆ. ಮರುದಿನ ರಟ್ಟಿನಲ್ಲಿ ಆ ಟೈರಿನ ಅಳತೆಯ ವೃತ್ತ ಕತ್ತರಿಸಿಕೊಂಡು ಹೋಗಿ ಚಕ್ರದ ಕಮಾನಿನೊಳಗೆ ಹಿಡಿದು ತೋರಿಸಿದೆ. ಎರಡೂ ಕಡೆ ತಗುಲುತ್ತಿತ್ತು. ಅವನು ನಕ್ಕು ಟೈರನ್ನು ತಿರುಗಿ ಉರುಳಿಸಿಕೊಂಡು ಹೋದ. ಕಂಪನಿ ಕೊಟ್ಟ ಅಳತೆಯಲ್ಲೇ, ಗಟ್ಟಿ ಹಲ್ಲಿನ ಟೈರು ತರಿಸಿದೆವು. ಸ್ಪ್ರಿಂಗುಗಳ ಮೇಲೆ ತೆಳುವಾದ ಬಿಲ್ಲೆ ಕೂರಿಸಿ ಮೈಯನ್ನು ಸ್ವಲ್ಪವೇ ಎತ್ತಿದೆವು. ಎಂಜಿನ್ನಿನ ಕೆಳಗೆ ಕಬ್ಬಿಣದ ತಗಡು ಹೊದಿಸುವಾಗ, ಕೆಸರು ಕೆಳಗೆ ಉದುರಿಹೋಗಲಿ, ಆಯಿಲ್ ಬದಲಿಸಲು ಪ್ರತಿಸಲ ತಗಡು ಬಿಚ್ಚುವುದು ತಪ್ಪಲಿ ಎಂದು ಅದರಲ್ಲಿ ತೂತು ಬಿಟ್ಟಿದ್ದು ಅವನ ವಿಚಾರ. ಹಿಂದೆ ಮುಂದೆ ಎಳೆಯುವ ಕೊಕ್ಕೆಗಳನ್ನು ಚಾಸಿಗೇ ಬಿಗಿದೆವು.

ಮನೆಯಲ್ಲಿ ತಕರಾರು ಬಂದದ್ದು ಮುಂದಿನ ಬಂಪರಿನ ಕೆಳತುಟಿ ಕೊಯ್ಯಬೇಕು ಎಂದಾಗ. ಏರು ಹತ್ತುವಾಗ ಆ ಪ್ಲಾಸ್ಟಿಕ್ಕೇ ಮೊದಲು ನೆಲಕ್ಕೆ ತಾಗುತ್ತಿತ್ತು.

"ಚಲೋ ಇದ್ದ ಗಾಡಿ ಯಾಕ ಕೊಯ್ತೀ?" ಎಂದರು ನನ್ನ ಗಂಡ.

ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಕುರಿ ಉಣ್ಣೆ ಕತ್ತರಿಸಿದ್ರ ಕುರಿ ಸಾಯ್ತದೇನು? ಆಕಿ ಮಾಡ್ಲಿ ಬಿಡು."

ಅತ್ತೆ ಬೀರಪ್ಪನ ಒಕ್ಕಲಿನ ಕುರಿಗಾರರ ಮನೆಯ ಮಗಳು. ಅವರ ತಮ್ಮ ಈಗಲೂ ಹಿಂಡು ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಅಕ್ಕ ತಮ್ಮ ಭೇಟಿಯಾಗುತ್ತಿದ್ದದ್ದು ಮದುವೆಗಳಲ್ಲಿ, ಫಂಕ್ಷನ್ ಹಾಲ್‌ಗಳ ಕುರ್ಚಿಯ ಮೇಲೆ. ಮೊಣಕಾಲು ನೋವು ಶುರುವಾದ ಮೇಲೆ ಅತ್ತೆ ಹಟ್ಟಿಗೆ ಹೋಗಿರಲೇ ಇಲ್ಲ. ಬಂಪರು ಕೊಯ್ದ ವಾರ, ತಾವಾಗಿಯೇ ಕೇಳಿದರು: "ನಿನ್ನ ಗಾಡಿ ನಮ್ಮ ತಮ್ಮನ ಹಟ್ಟಿ ತನಕ ಹೋಗ್ತದೇನು?"

"ಹೋಗ್ತದ್ರೀ" ಎಂದೆ. ಹಟ್ಟಿ ಎಲ್ಲಿದೆ ಎಂದು ಆಮೇಲೆ ಕೇಳಿದೆ.

ಮಳೆ ನಿಂತು ಹೊಲಗಳಲ್ಲಿ ಜೋಳ ಮೊಣಕಾಲೆತ್ತರ ಬಂದಿದ್ದಾಗ ಹೊರಟೆವು. ದೇವಣಿ ದಾಟಿ, ನಿಲಂಗಾದಲ್ಲಿ ಚಹಾ ಕುಡಿದು, ಉಮರ್ಗಾದ ಕಡೆ ಸ್ವಲ್ಪ ದೂರ ಹೋಗಿ ಡಾಂಬರು ಬಿಟ್ಟೆವು. ಅತ್ತೆ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ರೊಟ್ಟಿಯ ಗಂಟು. ಗಟ್ಟಿ ಜಲ್ಲಿಮಣ್ಣಿನ, ಮುರುಮಿನ ದಾರಿಯಲ್ಲಿ ಗಾಡಿ ಸಲೀಸಾಗಿ ಓಡಿತು. ಕಲ್ಲಿನ ಮೆಟ್ಟಿಲಿನಂಥ ಒಂದು ಏರು ಬಂತು. ಒಂದು ಚಕ್ರ ಗಾಳಿಯಲ್ಲಿ ತೂಗಿ, ಉಳಿದ ಮೂರು ನಮ್ಮನ್ನು ಎತ್ತಿಕೊಂಡವು. ಅತ್ತೆ ಬಾಗಿಲು ಗಟ್ಟಿಯಾಗಿ ಹಿಡಿದಿದ್ದರು, ಆದರೆ ಮುಖದಲ್ಲಿ ನಗು ಇತ್ತು.

ಏರಿನ ಆಚೆ ಹಳ್ಳ. ಮೇಲೆ ಒಣಗಿ ಬಿರಿದಿತ್ತು, ಕೆಳಗೆ ಇನ್ನೂ ಹಸಿ. ಅರ್ಧಕ್ಕೆ ಹೋಗುವಷ್ಟರಲ್ಲಿ ಮಣ್ಣು ಟೈರಿನ ಹಲ್ಲುಗಳನ್ನೆಲ್ಲ ತುಂಬಿಕೊಂಡಿತು. ನಾನು ಆಕ್ಸಿಲರೇಟರ್ ಒತ್ತಿದೆ. ಚಕ್ರಗಳು ಗರಗರ ತಿರುಗಿದವು, ಗಾಡಿ ಕುಳಿತಿತು. ಆಮೇಲೆ ಹಳದಿ ದೀಪ ಹತ್ತಿ, ಹಿಂದಿನ ಚಕ್ರಗಳು ಕೆಲಸ ನಿಲ್ಲಿಸಿದವು.

"ಕೆಟ್ಟಿತೇನವ್ವಾ?"

"ಇಲ್ರೀ. ಕಾದದ. ಆರಲಿಕ್ಕೆ ಬಿಟ್ರ ತಿರುಗಿ ನಡೀತದ."

ನಿಜಕ್ಕೂ ನನಗೆ ಹೆದರಿಕೆಯಾಗಲಿಲ್ಲ. ಇಂಥ ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೆ ಬಲ ಸಾಗಿಸುವ ಭಾಗ ಬಿಸಿಯಾದರೆ ತಾನೇ ಕೈಬಿಡುತ್ತದೆ ಎಂದು ಓದಿಕೊಂಡಿದ್ದೆ. ಇಳಿದು, ನೆಲವನ್ನು ಅಗಲವಾಗಿ ಹಿಡಿಯಲೆಂದು ನಾಲ್ಕೂ ಟೈರಿನ ಗಾಳಿ ಕಡಿಮೆ ಮಾಡಿದೆ. ಮುದ್ದೆಗಟ್ಟಿದ ಮಣ್ಣನ್ನು ಕುರ್ಪಿಯಿಂದ ಕೆರೆದೆ. ಮುಂದೆ ಆಚೆ ದಂಡೆ ಹತ್ತಿರವೇ ಕಾಣುತ್ತಿತ್ತು, ಆದರೆ ನಡುವಿನದ್ದೆಲ್ಲ ಅದೇ ಮಣ್ಣು. ಹಿಂದೆ ನಾವು ಬಂದ ಗಾಲಿಯ ಜಾಡು ಗಟ್ಟಿಯಾಗಿತ್ತು. ಹಿಂದಕ್ಕೇ ಹೋಗುವುದೆಂದು ತೀರ್ಮಾನಿಸಿದೆ. ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ದಂಡೆಯ ಗುಂಟ ಮೇಲಕ್ಕೆ ಹೋಗಿದ್ದರು.

"ಇಲ್ಲಿ ಕುರಿ ಇಳದಾವ. ಹಿಕ್ಕಿ ಬಿದ್ದಾವ ನೋಡು" ಎಂದು ಕರೆದರು. "ತಳ ಕಲ್ಲದ. ಕುರಿ ಕೆಸರಾಗ ಕಾಲಿಡಂಗಿಲ್ಲ."

ದೀಪ ಆರಿದ ಮೇಲೆ ಮೆಲ್ಲಗೆ ಹಿಂದಕ್ಕೆ ತೆಗೆದೆ. ಗಾಡಿ ಒಂದೇ ಸಲಕ್ಕೆ ಹೊರಬಂತು. ಅತ್ತೆ ತೋರಿಸಿದಲ್ಲಿ ಹಳ್ಳ ದಾಟಿದೆವು. ಕೆಳಗಿನ ತಗಡಿಗೆ ಎರಡು ಬಾರಿ ಕಲ್ಲು ಬಡಿಯಿತು, ಅಷ್ಟೆ.

ಹಟ್ಟಿಯಲ್ಲಿ ನಾಯಿಗಳು ಮೊದಲು ಬಂದವು, ಹಿಂದೆ ಕಂಬಳಿ ಹೆಗಲಿನ ಅತ್ತೆಯ ತಮ್ಮ, ನನ್ನ ಗಂಡನ ಸೋದರಮಾವ. ಗಾಡಿಯಿಂದ ಯಾರು ಇಳಿಯುತ್ತಾರೆ ಎಂದು ಅವರು ದೂರದಲ್ಲೇ ನಿಂತು ನೋಡಿದರು. ಇಳಿದದ್ದು ಅಕ್ಕ. ಹತ್ತಿರ ಬಂದು ಕಾಲು ಮುಟ್ಟಿ, ಕಂಬಳಿ ತೆಗೆದು ನೆಲದ ಮೇಲೆ ಹಾಸಿದರು. ಅತ್ತೆ ಕುಳಿತು, ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಕುರಿಯೊಂದರ ಬೆನ್ನಿನ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿತ್ತು. ನಾನು ಟೈರು ನೋಡುವ ನೆಪದಲ್ಲಿ ಎದ್ದು ಹೋದೆ.

ಊಟ ಮಾಡುವಾಗ, ಕುರಿ ಕೂಡುವ ಬಲೆಬೇಲಿಯ ಮೂಲೆಯಲ್ಲಿ ಬೇರೆಯಾಗಿ ಮಲಗಿದ್ದ ಒಂದು ಗಬ್ಬದ ಕುರಿ ಅತ್ತೆಯ ಕಣ್ಣಿಗೆ ಬಿತ್ತು. ಕಲ್ಲಿನ ಸಂದಿಯಲ್ಲಿ ಸಿಕ್ಕು ಮುಂಗಾಲು ಮುರಿದುಕೊಂಡಿತ್ತು.

"ನಾಳಿ ಕಟುಕ ಬರ್ತಾನ" ಎಂದರು ಮಾವ. "ಹೊತ್ಕೊಂಡು ಅಷ್ಟು ದೂರ ಯಾರು ಹೋಗ್ಬೇಕು ಅಕ್ಕಾ?"

ಅತ್ತೆ ನನ್ನತ್ತ ನೋಡಿದರು. ನಾನಾಗಲೇ ಹಿಂದಿನ ಬಾಗಿಲು ತೆರೆಯುತ್ತಿದ್ದೆ. ಗೋಣಿಚೀಲ ಹಾಸಿ, ಕುರಿಯನ್ನು ಮಲಗಿಸಿದೆವು. ಮಾವ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹೋಗುವಾಗ ಹಳ್ಳದ ಕಡೆ ತಿರುಗದೆ, ಅವರು ಹೇಳಿದ ಇನ್ನೊಂದು ಗುಡ್ಡದ ದಾರಿಯಿಂದ ಇಳಿದೆ. ಪ್ರತಿ ಕಲ್ಲಿಗೂ ಗಾಡಿ ನಿಧಾನವಾಗಿ ಬಗ್ಗಿ ಎದ್ದಿತು. ಬೆಳಿಗ್ಗೆ ನನ್ನ ಸುಖಕ್ಕಾಗಿ ನಡೆಸಿದ್ದೆ. ಈಗ ಹಿಂದೆ ನರಳುವ ಜೀವಕ್ಕಾಗಿ ನಡೆಸಿದೆ. ಎರಡಕ್ಕೂ ಅದೇ ಗಾಡಿ ಸಾಕಾಗಿತ್ತು.

ಉಮರ್ಗಾದ ಹೆದ್ದಾರಿ ಮುಟ್ಟಿ ಟೈರಿಗೆ ಗಾಳಿ ತುಂಬಿಸಿಕೊಂಡು ಪಶುವೈದ್ಯರ ಹತ್ತಿರ ಹೋದೆವು. ಅವರು ಕಾಲು ಕೂರಿಸಿ ಪ್ಲಾಸ್ಟರ್ ಹಾಕಿದರು. ಕುರಿ ಬದುಕಿತು. ಚಳಿ ಮುಗಿಯುವ ಮೊದಲೇ ಮರಿ ಹಾಕಿತು. ಕಾಲು ಸ್ವಲ್ಪ ಸೊಟ್ಟಗಿದೆ, ಆದರೆ ಹಿಂಡಿನ ಜೊತೆ ನಡೆಯುತ್ತದೆ.

ಸೀಟಿನ ವಾಸನೆ ಹೋಗಲು ನನ್ನ ಗಂಡ ಎರಡು ಭಾನುವಾರ ಬಾಗಿಲು ತೆರೆದಿಟ್ಟು ತೊಳೆದರು. ಬಯ್ಯಲಿಲ್ಲ. ಹಿಂದಿನ ಜಾಗಕ್ಕೆ ದಪ್ಪ ರಬ್ಬರ್ ಹಾಸು ತಂದು ಹಾಕಿದವರು ಅವರೇ. ಮಾವ ಈಗ ಹಿಂಡು ಜಾಗ ಬದಲಿಸಿದಾಗಲೆಲ್ಲ ಫೋನ್ ಮಾಡುತ್ತಾರೆ, ಅಕ್ಕನಿಗಲ್ಲ, ನನಗೆ. ಕ್ಷೇಮ ಕೇಳುವ ಮೊದಲು ನೆಲದ ಸುದ್ದಿ ಹೇಳುತ್ತಾರೆ: "ಇಲ್ಲಿ ಮುರುಮು ಅದವ್ವಾ, ಹಳ್ಳ ಒಣಗ್ಯಾದ. ಅಕ್ಕನ್ನ ಕರ್ಕೊಂಡು ಬಾ."